ಹೆಣ್ಣೊಂದು ಕಲಿತರೆ ಶಾಲೆಯೇ ಯಾಕೆ ತೆರೆಯಬೇಕು?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಅಂಗನವಾಡಿ ಟೀಚರ್. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಉಪಜಿಲ್ಲಾ ಕಲೋತ್ಸವದ ಕನ್ನಡ ಭಾಷಣಕ್ಕೆ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂಬ ವಿಷಯ ಕೊಟ್ಟೆ. ಎರಡು ವಾಕ್ಯ ಹೇಳಿ ನಿಲ್ಲಿಸಿದಳು. ‘ಅಣ್ಣ ಕಲಿತರೆ ಅಣ್ಣ ಕಲಿತ ಹಾಗೆ, ಅಷ್ಟೆ. ನಾನು ಕಲಿತರೆ ಮಾತ್ರ ಶಾಲೆ ಯಾಕೆ ತೆರೀಬೇಕು?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಚಾವಡಿಯಲ್ಲಿದ್ದ ಮಾವನವರು ‘ಇದೆಲ್ಲ ಹೊರದೇಶದ ಸ್ತ್ರೀವಾದ’ ಎಂದರು. ಹೌದಾ? ಈ ವಾದವನ್ನು ಮೊದಲು ಮಾಡಿದವರು ಯಾರು? ಅವಳಿಗೆ ನಾನು ಏನು ಹೇಳಲಿ?

ಉತ್ತರ: ಟೀಚರೇ, ಮೊದಲು ಮಗಳಿಗೆ ನನ್ನ ಶಹಬ್ಬಾಸ್ ತಿಳಿಸಿ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಕಲೋತ್ಸವದಲ್ಲಿ ತೀರ್ಪುಗಾರಳಾಗಿ ಕುಳಿತು ಈ ಗಾದೆಯ ಮೇಲೆ ಎಷ್ಟು ಭಾಷಣ ಕೇಳಿದ್ದೇನೋ ಲೆಕ್ಕವಿಲ್ಲ. ಮನೆಯೇ ಮೊದಲ ಪಾಠಶಾಲೆ, ತೊಟ್ಟಿಲು ತೂಗುವ ಕೈ, ಜೀಜಾಬಾಯಿ, ಶಿವಾಜಿ. ಅಷ್ಟಕ್ಕೆ ಗಂಟೆ ಬಾರಿಸುತ್ತದೆ. ಗಾದೆಯನ್ನೇ ನಿಲ್ಲಿಸಿ ಪ್ರಶ್ನೆ ಕೇಳಿದ ಮಗುವನ್ನು ನಾನು ನೋಡಿಲ್ಲ.

ಗಾದೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಓದು ಬಂದ ತಾಯಿಯ ಮಕ್ಕಳು ಬೇಗ ಓದುತ್ತಾರೆ. ಅಂಗನವಾಡಿಯಲ್ಲಿ ದಿನಾ ನೀವೇ ಕಾಣುತ್ತೀರಿ. ಆದರೆ ಆ ಗಾದೆ ಯಾರ ಲಾಭದ ಮಾತಾಡುತ್ತದೆ, ನೋಡಿ. ಮಕ್ಕಳಿಗೆ ಲಾಭ, ಮನೆಗೆ ಲಾಭ, ಊರಿಗೆ ಲಾಭ. ಕಲಿತ ಹುಡುಗಿಗೆ? ಅದು ಗಾದೆಯಲ್ಲಿ ಇಲ್ಲ. ನಿಮ್ಮ ಮಗಳ ಕಣ್ಣಿಗೆ ಬಿದ್ದದ್ದು ಆ ಖಾಲಿ ಜಾಗ.

ಹೆಣ್ಣುಮಕ್ಕಳು ಕಲಿಯಬೇಕು ಎನ್ನುವವರಲ್ಲಿ ಮೊದಲಿನಿಂದಲೂ ಎರಡು ಬಗೆಯ ವಾದ ಇದೆ. ಒಂದು ಉಪಯೋಗದ ವಾದ: ಅವಳು ಕಲಿತರೆ ಬೇರೆಯವರಿಗೆ ಒಳ್ಳೆಯದು. ಇನ್ನೊಂದು ಹೊಣೆಯ ವಾದ: ಅವಳೂ ಒಬ್ಬ ಮನುಷ್ಯಳು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಾನೇ ತಿಳಿದು ನಡೆಯುವ ಹೊಣೆ ಅವಳ ಮೇಲೂ ಇದೆ. ತಿಳಿಯದೆ ಆ ಹೊಣೆ ಹೊರಲು ಆಗುವುದಿಲ್ಲ. ಆದ್ದರಿಂದ ಅವಳು ಕಲಿಯಬೇಕು. ಯಾವ ವಾದ ಯಾವ ಬಗೆಯದು ಎಂದು ತಿಳಿಯಲು ಒಂದು ಸುಲಭದ ಉಪಾಯ ಇದೆ. ಗಂಡನನ್ನೂ ಮಕ್ಕಳನ್ನೂ ಆ ವಾದದಿಂದ ಹೊರಗೆ ಇಟ್ಟು ನೋಡಿ. ಆಮೇಲೂ ವಾದ ನಿಂತರೆ ಅದು ಎರಡನೆಯದು.

ಈ ಎರಡನೆಯ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಬರೆದವರಲ್ಲಿ ಜಾಸ್ತಿ ಹೆಸರು ಕೇಳುವುದು ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬ ಇಂಗ್ಲಿಷ್ ಹೆಂಗಸಿನದು. ಹುಟ್ಟಿದ್ದು 1759, ಲಂಡನ್. ಅಪ್ಪ ಪಿತ್ರಾರ್ಜಿತ ದುಡ್ಡನ್ನೆಲ್ಲ ಕರಗಿಸಿದ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ. ಅಮ್ಮನ ಕೋಣೆಯ ಹೊರಗೆ ಅಡ್ಡ ಮಲಗಿ ಅಪ್ಪನನ್ನು ತಡೆಯುತ್ತಿದ್ದ ಹುಡುಗಿ ಇವಳು. ಅಣ್ಣನಿಗೆ ವಕೀಲಿಕೆಯ ಓದು ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಅಲ್ಲಿಷ್ಟು ಇಲ್ಲಿಷ್ಟು. ಅಣ್ಣ ತಂಗಿಯ ಪ್ರಶ್ನೆ ಆಗಲೂ ಇತ್ತು, ಅಲ್ವಾ? ಮುಂದೆ ತಂಗಿಯರ ಜೊತೆ ಸೇರಿ ಸಣ್ಣ ಶಾಲೆ ನಡೆಸಿದಳು, ಅದು ಮುಚ್ಚಿಹೋಯಿತು. ಐರ್ಲೆಂಡಿನ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಕೊನೆಗೆ ಬರೆದೇ ಬದುಕುತ್ತೇನೆ ಎಂದು ಹೊರಟಳು. ಆ ಕಾಲದ ಹೆಂಗಸಿಗೆ ಅದು ದೊಡ್ಡ ಧೈರ್ಯ.

1791ರಲ್ಲಿ, ಫ್ರಾನ್ಸಿನ ಕ್ರಾಂತಿಯ ಬಿಸಿಯಲ್ಲಿ, ತಾಲೆರಾಂ ಎಂಬ ದೊಡ್ಡ ಮನುಷ್ಯ ಅಲ್ಲಿನ ಸಭೆಗೆ ಶಿಕ್ಷಣದ ವರದಿ ಕೊಟ್ಟ. ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಿಸಿದ ಸಭೆ ಅದು. ವರದಿಯಲ್ಲಿ ಹೆಣ್ಣುಮಕ್ಕಳಿಗೆ ಎಂಟು ವರ್ಷದವರೆಗೆ ಶಾಲೆ, ಆಮೇಲೆ ಮನೆ. ಮೇರಿ ಮರುವರ್ಷ, 1792ರಲ್ಲಿ, ಹೆಣ್ಣಿನ ಹಕ್ಕುಗಳನ್ನು ಎತ್ತಿಹಿಡಿಯುವ ತನ್ನ ಪುಸ್ತಕ ಬರೆದು ಅದನ್ನು ಈ ತಾಲೆರಾಂಗೇ ಅರ್ಪಿಸಿದಳು. ಹೊಗಳಲಿಕ್ಕೆ ಅರ್ಪಿಸಿದ್ದಲ್ಲ. ಇನ್ನೊಮ್ಮೆ ಯೋಚನೆ ಮಾಡಿ ಸ್ವಾಮಿ ಎಂದು ಹೇಳಲಿಕ್ಕೆ.

ಅವಳ ವಾದದ ಪಟ್ಟು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ, ನಾವು ತಾಳಮದ್ದಳೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಕೂಡಲೇ ಅಲ್ಲಗಳೆಯುವುದಿಲ್ಲ. ‘ಆಗಲಿ, ನೀನು ಹೇಳಿದ್ದೇ ಸರಿ’ ಎನ್ನುತ್ತಾನೆ. ಆಮೇಲೆ ಅದೇ ಮಾತಿನ ಹಗ್ಗದಿಂದ ಅವನನ್ನು ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ್ದರೆ ನಿಮ್ಮ ಮಾವನವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಮೇರಿ ಮಾಡಿದ್ದೂ ಅದನ್ನೇ. ಎದುರಿಗಿದ್ದವರು ಹೆಚ್ಚಿನವರು ದೇವರನ್ನು ನಂಬುವವರು. ಅವರು ಒಪ್ಪುವ ಮಾತಿನಿಂದಲೇ ಶುರು ಮಾಡಿದಳು. ಮನುಷ್ಯನಿಗೂ ಪ್ರಾಣಿಗೂ ಏನು ವ್ಯತ್ಯಾಸ? ವಿವೇಕ. ಮನುಷ್ಯ ಒಳ್ಳೆಯವನಾಗುವುದು ಯಾವುದರಿಂದ? ಆ ವಿವೇಕ ಬಳಸಿ ನಡೆದಾಗ. ಹೆಂಗಸಿಗೂ ಆತ್ಮ ಇದೆಯಾ? ಇದೆ. ದೇವರ ಮುಂದೆ ಅವಳೂ ತನ್ನ ಪಾಪಪುಣ್ಯಕ್ಕೆ ಲೆಕ್ಕ ಕೊಡಬೇಕಾ? ಕೊಡಬೇಕು. ಹಾಗಾದರೆ, ತನ್ನ ಲೆಕ್ಕ ತಾನೇ ಕೊಡಬೇಕಾದವಳ ಲೆಕ್ಕದ ಪುಸ್ತಕವನ್ನು ನೀವು ಯಾಕೆ ಕಸಿದು ಇಟ್ಟುಕೊಂಡಿದ್ದೀರಿ? ಓದಲು ಬಿಡದೆ, ಯೋಚಿಸಲು ಬಿಡದೆ, ಹೇಳಿದಷ್ಟು ಕೇಳು ಎಂದು ಬೆಳೆಸಿ, ಕೊನೆಗೆ ಅವಳನ್ನೇ ಹೊಣೆ ಮಾಡುವ ದೇವರು ನ್ಯಾಯವಂತನಾ?

ಉದಾಹರಣೆಗಳು ನನ್ನವು, ವಾದದ ಸಾಲು ಅವಳದು. ಇದರ ಜೊತೆಗೆ ಅವಳು ಹೇಳಿದ ಇನ್ನೊಂದು ಮಾತು ನನ್ನ ಪ್ರಕಾರ ಇಡೀ ಪುಸ್ತಕದ ತಿರುಳು. ಹೇಳಿದ್ದನ್ನು ಕೇಳಿಕೊಂಡು ಇರುವುದು ಒಳ್ಳೆಯತನ ಆಗುವುದಿಲ್ಲ. ತಾನೇ ಯೋಚಿಸಿ ಸರಿ ಎಂದು ಕಂಡದ್ದನ್ನು ಮಾಡಿದರೆ ಮಾತ್ರ ಒಳ್ಳೆಯತನ. ಕಟ್ಟಿಹಾಕಿದ ದನ ಪಕ್ಕದ ತೋಟ ಮೇಯಲಿಲ್ಲ ಎಂದರೆ ಅದು ದನದ ಗುಣ ಅಂತ ಹೇಳುತ್ತೇವಾ? ಹಗ್ಗದ ಗುಣ, ಅಷ್ಟೆ.

ಅವಳ ದೊಡ್ಡ ಎದುರಾಳಿ ಆಗಲೇ ತೀರಿಕೊಂಡಿದ್ದ ರೂಸೋ ಎಂಬ ಹೆಸರಾಂತ ಚಿಂತಕ. 1762ರ ತನ್ನ ‘ಎಮಿಲ್’ ಪುಸ್ತಕದಲ್ಲಿ ಎಮಿಲ್ ಎಂಬ ಹುಡುಗನನ್ನು ಯಾರಿಗೂ ತಲೆಬಾಗದ ಹಾಗೆ, ಸ್ವಂತ ಬುದ್ಧಿಯಿಂದ ಬೆಳೆಸುವುದು ಹೇಗೆ ಎಂದು ಅವನು ಸೊಗಸಾಗಿ ಬರೆದ. ಕೊನೆಯ ಭಾಗದಲ್ಲಿ ಎಮಿಲ್‌ಗೆ ಹೆಂಡತಿ ಬೇಕಾದಳು. ಸೋಫಿ ಬಂದಳು. ಅವಳ ಓದು ಏನು? ಗಂಡಿಗೆ ಹಿತವಾಗಿರಲು ಎಷ್ಟು ಬೇಕೋ ಅಷ್ಟು. ಗಂಡಸಿಗೆ ಒಳ್ಳೆಯವನಾಗಿದ್ದರೆ ಸಾಕು, ಹೆಂಗಸು ಒಳ್ಳೆಯವಳು ಎಂದು ನಾಲ್ಕು ಜನ ಹೇಳಲೂ ಬೇಕು ಎಂಬುದು ರೂಸೋನ ನಿಲುವು. ಮೇರಿಗೆ ರೂಸೋ ಬರೆದದ್ದರಲ್ಲಿ ಎಷ್ಟೋ ಇಷ್ಟ. ಆದ್ದರಿಂದಲೇ ಇಲ್ಲಿ ಸಿಟ್ಟು ಜಾಸ್ತಿ. ಒಳ್ಳೆಯತನಕ್ಕೆ ಎರಡು ಅಳತೆ ಇಟ್ಟರೆ ಅದು ಅಳತೆಯೇ ಅಲ್ಲ ಎಂದಳು. ಅಡಿಕೆ ಮಂಡಿಯಲ್ಲಿ ಒಬ್ಬರಿಗೆ ಒಂದು ತಕ್ಕಡಿ, ಇನ್ನೊಬ್ಬರಿಗೆ ಬೇರೆ ತಕ್ಕಡಿ ಇಟ್ಟರೆ ನಾವು ಸುಮ್ನೆ ಬಿಡುತ್ತೇವಾ?

ಇದು ಹಳೆಯ ಕಥೆ ಎಂದು ಅನಿಸಿದರೆ ನಮ್ಮ ಕನ್ನಡದ್ದೇ ಒಂದು ಪದ ನೋಡಿ: ಶೀಲ. ಹುಡುಗ ಶೀಲವಂತ ಎಂದರೆ ಸುಳ್ಳು ಹೇಳದವನು, ಕದಿಯದವನು, ನಡತೆ ನೆಟ್ಟಗಿರುವವನು. ಹುಡುಗಿಯ ಶೀಲ ಎಂದರೆ? ಒಂದೇ ಅರ್ಥ. ‘ಶೀಲ ಶಂಕಿಸಿ’ ಎಂದು ಪೇಪರಿನಲ್ಲಿ ಬಂದರೆ ಯಾರ ಶೀಲ ಎಂದು ಯಾರಾದರೂ ಕೇಳುತ್ತಾರಾ? ಹೆಣ್ಣು ಸುಳ್ಳುಗಾತಿಯಾಗಲಿ, ಕೆಲಸದವರನ್ನು ಬೈಯುವವಳಾಗಲಿ, ಆ ಒಂದು ವಿಷಯದಲ್ಲಿ ಹೆಸರು ಕೆಡದಿದ್ದರೆ ಸಾಕು ಎನ್ನುತ್ತಾರಲ್ಲ, ಅದರ ಮೇಲೆ ಮೇರಿ ಒಂದು ಅಧ್ಯಾಯವನ್ನೇ ಬರೆದಿದ್ದಾಳೆ. ಹೆಸರು ಕಾಪಾಡಿಕೊಳ್ಳುವ ಗಡಿಬಿಡಿಯಲ್ಲಿ ನಿಜವಾದ ನೀತಿಯೇ ಕೆಟ್ಟುಹೋಗುತ್ತದೆ ಎಂಬುದು ಅದರ ಸಾರ.

ಹೆಂಗಸರಿಗೆ ಅಲಂಕಾರದ ಹುಚ್ಚು, ಗಾಸಿಪ್ಪಿನ ಚಪಲ, ಗಂಭೀರ ವಿಷಯ ತಲೆಗೆ ಹತ್ತುವುದಿಲ್ಲ ಎಂದು ಆಗಲೂ ಹೇಳುತ್ತಿದ್ದರು. ಇಲ್ಲಿ ಅವಳು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಆಗಲಿ, ಕೆಲವರು ಹಾಗೆ ಇದ್ದಾರೆ ಎನ್ನುತ್ತಾಳೆ. ಈಗ ಸೈನ್ಯದ ಅಧಿಕಾರಿಗಳನ್ನು ನೋಡಿ. ಅವರಿಗೂ ಬಟ್ಟೆಯ ಶೋಕಿ, ನೃತ್ಯ, ನಯವಾದ ಮಾತು, ಮೇಲಿನವರು ಹೇಳಿದ್ದಕ್ಕೆ ಹೂಂಗುಟ್ಟುವ ಅಭ್ಯಾಸ. ಅವರು ಗಂಡಸರೇ ತಾನೆ? ಸರಿಯಾಗಿ ಕಲಿಯುವ ಮೊದಲೇ ಲೋಕಕ್ಕೆ ಬಂದರು, ವಿಧೇಯತೆ ಮಾತ್ರ ಕಲಿತರು, ಹೀಗಾದರು. ಹೆಂಗಸರೂ ಹಾಗೆಯೇ. ದೋಷ ಬೆಳೆಸಿದ ರೀತಿಯದು. ಪುಸ್ತಕದ ಆರಂಭದಲ್ಲಿ ಅವಳು ಹೂವಿನ ಮಾತು ಹೇಳುತ್ತಾಳೆ: ವಿಪರೀತ ಗೊಬ್ಬರದ ಮಣ್ಣಿನಲ್ಲಿ ಬೆಳೆದ ಗಿಡದ ಹಾಗೆ, ಚೆಂದಕ್ಕಾಗಿ ಶಕ್ತಿ ಬಲಿಯಾಯಿತು ಎಂದು. ಯೂರಿಯಾ ಜಾಸ್ತಿ ಬಿದ್ದ ಬೆಂಡೆ ಗಿಡ ಎಲೆಯಲ್ಲೇ ದಟ್ಟವಾಗಿ, ಕಾಯಿ ಬಿಡದೆ ನಿಂತದ್ದನ್ನು ಕಂಡವರಿಗೆ ಇದು ಹೊಸದೇನಲ್ಲ.

ಶಾಲೆ ಹೇಗಿರಬೇಕು ಎಂದೂ ಬರೆದಳು. ಸರ್ಕಾರವೇ ನಡೆಸುವ ಹಗಲು ಶಾಲೆ. 5ರಿಂದ 9 ವರ್ಷದವರೆಗೆ ಎಲ್ಲರಿಗೂ ಉಚಿತ. ಬಡವರು, ಶ್ರೀಮಂತರು, ಹುಡುಗರು, ಹುಡುಗಿಯರು ಒಟ್ಟಿಗೆ. ಎಲ್ಲರಿಗೂ ಒಂದೇ ಬಗೆಯ ಉಡುಪು. ಓಡಾಡಲು ದೊಡ್ಡ ಬಯಲು. 9 ದಾಟಿದ ಮೇಲೆ ಕೂಲಿ, ಕಸುಬು ಮಾಡುವವರ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುತ್ತಾಳೆ. ಇಲ್ಲಿ ಅವಳ ಸಮಾನತೆ ಸ್ವಲ್ಪ ಎಡವುತ್ತದೆ, ನಿಜ. ಹೆಂಗಸರು ದಾದಿಯರಾಗುವಂತೆ ವೈದ್ಯರೂ ಆಗಲಿ, ವ್ಯಾಪಾರ ಮಾಡಲಿ ಎಂದಳು. ನಕ್ಕರೂ ಪರವಾಗಿಲ್ಲ ಎಂದು ಹೇಳಿಯೇ, ಹೆಂಗಸರಿಗೂ ಪ್ರತಿನಿಧಿಗಳು ಇರಬೇಕು ಎಂದು ಸೂಚಿಸಿದಳು. ಹೆಂಗಸರಿಗೆ ಗಂಡಸರ ಮೇಲೆ ಅಧಿಕಾರ ಬೇಡ, ತಮ್ಮ ಮೇಲೆ ತಮಗೆ ಅಧಿಕಾರ ಬೇಕು ಎಂಬುದೂ ಅವಳದೇ ಮಾತು. ನಿಮ್ಮ ಮಾವನವರಿಗೆ ಬೇರೇನೂ ಹೇಳಲು ಸಮಯ ಸಿಗದಿದ್ದರೆ ಇದೊಂದನ್ನು ಹೇಳಿ.

ಇಷ್ಟು ಹೇಳಿ ಒಂದು ಒಪ್ಪಿಗೆಯನ್ನೂ ಮಾಡಬೇಕು. ಗಾದೆಯ ವಾದವನ್ನು ಮೇರಿಯೂ ಧಾರಾಳವಾಗಿ ಬಳಸಿದ್ದಾಳೆ. ಕಲಿತವಳು ಒಳ್ಳೆಯ ತಾಯಿಯಾಗುತ್ತಾಳೆ, ಒಳ್ಳೆಯ ಸಂಗಾತಿಯಾಗುತ್ತಾಳೆ ಎಂದು ಪುಟಗಟ್ಟಲೆ ಬರೆದಿದ್ದಾಳೆ. ಚಾವಡಿಯಲ್ಲಿ ಕುಳಿತ ಹಿರಿಯರಿಗೆ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ವಿಷಯ ಎತ್ತುತ್ತೇವಲ್ಲ, ಹಾಗೆ. ಅವಳದು ಬರೀ ಉಪಾಯ ಎಂದೂ ನಾನು ಹೇಳಲಾರೆ. ಅವಳು ಅದನ್ನು ನಂಬಿಯೂ ಇದ್ದಳು.

ಇನ್ನೊಂದು ತಪ್ಪು ನಮ್ಮ ಕಾಸರಗೋಡಿನವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಹೆಂಗಸಿಗೆ ಆತ್ಮ ಇಲ್ಲ ಎಂದು ಇಸ್ಲಾಂ ಹೇಳುತ್ತದೆ ಎಂದು ಆ ಕಾಲದ ಎಷ್ಟೋ ಯುರೋಪಿನವರ ಹಾಗೆ ಅವಳೂ ತಿಳಿದಿದ್ದಳು. ಹಾಗಿಲ್ಲ. ಕುರ್‌ಆನಿನ 33ನೇ ಅಧ್ಯಾಯದ 35ನೇ ವಚನ ನಂಬುವ ಗಂಡಸರು, ನಂಬುವ ಹೆಂಗಸರು, ಸತ್ಯ ಹೇಳುವ ಗಂಡಸರು, ಸತ್ಯ ಹೇಳುವ ಹೆಂಗಸರು ಎಂದು ಜೋಡಿ ಜೋಡಿಯಾಗಿ ಹೇಳುತ್ತಾ ಹೋಗಿ ಇಬ್ಬರಿಗೂ ಒಂದೇ ಪ್ರತಿಫಲ ಎನ್ನುತ್ತದೆ. ಮಗಳ ಕ್ಲಾಸಿನ ಗೆಳತಿಯರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.

ಮೇರಿ 1797ರಲ್ಲಿ ಹೆರಿಗೆಯಾಗಿ ಕೆಲವೇ ದಿನಕ್ಕೆ ತೀರಿಕೊಂಡಳು, 38 ವರ್ಷಕ್ಕೆ. ಮರುವರ್ಷ ಗಂಡ ಗಾಡ್ವಿನ್ ಅವಳ ಜೀವನ ಚರಿತ್ರೆ ಬರೆದ. ಪ್ರೀತಿಯಿಂದಲೇ ಬರೆದ. ಆದರೆ ಮದುವೆಗೆ ಮೊದಲಿನ ಸಂಬಂಧ, ಮಗು, ಸಾಯಲು ಹೊರಟದ್ದು, ಎಲ್ಲವನ್ನೂ ಬರೆದುಬಿಟ್ಟ. ಅಲ್ಲಿಗೆ ಮುಗಿಯಿತು. ಮುಂದೆ ಬಹಳ ಕಾಲ ಮರ್ಯಾದಸ್ಥರು ಅವಳ ಹೆಸರು ಎತ್ತಲು ಹಿಂಜರಿದರು. ವಾದಕ್ಕೆ ಉತ್ತರ ಕೊಡುವ ಬದಲು ‘ಅವಳು ಎಂಥವಳು ಗೊತ್ತಾ’ ಎನ್ನುವುದು ಯಾವ ದೇಶದಲ್ಲೂ ಸುಲಭ.

ಈಗ ಮಾವನವರ ಮಾತಿಗೆ ಬರೋಣ. ಹೊರದೇಶದ್ದಾ? ಸ್ತ್ರೀವಾದ ಎಂಬ ಪದ ಮೇರಿಯ ಕಾಲದಲ್ಲಿ ಅವಳ ದೇಶದಲ್ಲೂ ಇರಲಿಲ್ಲ. ಪ್ರಶ್ನೆ ಮಾತ್ರ ಎಲ್ಲ ಕಡೆ ಇತ್ತು. ದ್ರೌಪದಿ ಸಭೆಯಲ್ಲಿ ಏನು ಕೇಳಿದಳು? ‘ರಾಜ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ?’ ಭೀಷ್ಮನಿಗೇ ಉತ್ತರ ಸಿಗಲಿಲ್ಲ. ಅದು ಸಮಾನತೆಯ ವಾದವಲ್ಲ, ಒಪ್ಪುತ್ತೇನೆ. ಧರ್ಮದ ವಿಷಯದಲ್ಲಿ ಹೆಂಗಸು ಸಭೆಯನ್ನೇ ಕಟ್ಟಿಹಾಕಬಲ್ಲಳು ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ವಚನಕಾರ ಜೇಡರ ದಾಸಿಮಯ್ಯ ಹೇಳಿದ್ದನ್ನು ಮಗಳು ಪಾಠದಲ್ಲಿ ಓದಿರಬಹುದು: ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.’ ಫ್ರಾನ್ಸಿನಲ್ಲಿ ಪೂಲೇನ್ ದ ಲ ಬಾರ್ ಎಂಬವನು ಬುದ್ಧಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಬರೆದದ್ದು 1673ರಲ್ಲಿ. ದಾಸಿಮಯ್ಯ ಅದಕ್ಕಿಂತ ಐದು ಶತಮಾನಕ್ಕೂ ಮುಂಚಿನವನು. ನಾವೇ ಮೊದಲು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆತ್ಮಕ್ಕೆ ಭೇದವಿಲ್ಲ ಎಂದು ಹಾಡಿದ ನಾಡಿನಲ್ಲಿ ಅಕ್ಷರಕ್ಕೆ ಭೇದ ಮಾಡಿದರು. ಅದೂ ನಮ್ಮದೇ.

ಸಂಚಿ ಹೊನ್ನಮ್ಮನದು ಇನ್ನೂ ಸ್ವಾರಸ್ಯದ ಕಥೆ. 17ನೇ ಶತಮಾನದ ಕೊನೆಯ ಹೊತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಕೆಲಸ. ಅಲ್ಲೇ ಕಾವ್ಯ ಕಲಿತು ‘ಹದಿಬದೆಯ ಧರ್ಮ’ ಬರೆದಳು. ಹೆಸರೇ ಹೇಳುವಂತೆ ಅದು ಪತಿವ್ರತೆ ಹೇಗಿರಬೇಕು ಎಂಬ ಪುಸ್ತಕ. ಗಂಡನಿಗೆ ವಿಧೇಯಳಾಗಿರು ಎಂದೇ ಹೇಳುತ್ತದೆ. ಅದರ ನಡುವೆ ಇದ್ದಕ್ಕಿದ್ದಂತೆ ಸಿಡಿದ ಹಾಗೆ ಈ ಪದ್ಯ:

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಮೇರಿ ಆಸ್ಟೆಲ್ ಎಂಬವಳು 1694ರಲ್ಲಿ ಹೆಂಗಸರಿಗೆ ಒಂದು ಸಲಹೆಯ ಪುಸ್ತಕ ಬರೆದಳು. ಹೆಂಗಸರು ಒಟ್ಟಿಗೆ ಇದ್ದು ಓದುವ ಒಂದು ಆಶ್ರಮದಂಥ ಜಾಗ ಬೇಕು ಎಂಬುದು ಅವಳ ಸಲಹೆ. ಅವಳೂ ಸಂಪ್ರದಾಯಸ್ಥೆಯೇ. ರಾಜನನ್ನೂ ಚರ್ಚನ್ನೂ ಬಿಟ್ಟುಕೊಟ್ಟವಳಲ್ಲ. ಆದರೂ ಮುಂದೆ 1706ರಲ್ಲಿ ಒಂದು ಮುನ್ನುಡಿಯಲ್ಲಿ ಕೇಳಿಯೇಬಿಟ್ಟಳು: ಗಂಡಸರೆಲ್ಲ ಹುಟ್ಟಿನಿಂದ ಸ್ವತಂತ್ರರಾದರೆ ಹೆಂಗಸರೆಲ್ಲ ಹುಟ್ಟಿನಿಂದ ಗುಲಾಮರಾದದ್ದು ಹೇಗೆ? ಹೊನ್ನಮ್ಮನಿಗೆ ಆಸ್ಟೆಲ್ ಗೊತ್ತಿಲ್ಲ. ಆಸ್ಟೆಲ್‌ಗೆ ಹೊನ್ನಮ್ಮ ಗೊತ್ತಿಲ್ಲ. ಇಬ್ಬರೂ ವಿಧೇಯತೆಯ ಮಾತಾಡುತ್ತಲೇ ಇಂಥ ಪ್ರಶ್ನೆ ಕೇಳಿದರು. ಹೊನ್ನಮ್ಮನ ಪದ್ಯದಲ್ಲೂ ‘ಪಡೆದ ತಾಯಿ’ ಎಂಬ ಉಪಯೋಗದ ವಾದವೇ ಇದೆಯಲ್ಲ ಎಂದು ಮಗಳು ಕೇಳಬಹುದು. ಇದೆ. ಆದರೆ ಕೊನೆಯ ಸಾಲು ನೋಡಲಿ. ಬೇಡುವ ದನಿ ಅದಲ್ಲ. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ತೀರ್ಪು ಕೊಡುವ ದನಿ.

ಇನ್ನು ನಮ್ಮ ಪಕ್ಕದವರು, ಪಂಡಿತಾ ರಮಾಬಾಯಿ. ಶಾಲೆಯ ಪುಸ್ತಕದಲ್ಲಿ ಅವರು ಪುಣೆಯವರ ಹಾಗೆ ಕಾಣುತ್ತಾರೆ. ಅವರಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಆಗ ಮಾಳವೂ ಕಾಸರಗೋಡೂ ಒಂದೇ ಕೆನರಾ ಜಿಲ್ಲೆ. ಅನಂತಶಾಸ್ತ್ರಿಗಳು ಪುಣೆಯಲ್ಲಿ ಓದುವಾಗ ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ನಡೆಯುವುದನ್ನು ಕಂಡರು. ನನ್ನ ಹೆಂಡತಿಗೂ ಕಲಿಸುತ್ತೇನೆ ಎಂದು ಮನಸ್ಸು ಮಾಡಿದರು. ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಲು ಹೊರಟಾಗ ಊರಿನಲ್ಲಿ ಗದ್ದಲ ಎದ್ದಿತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ಅವರು ವಾದ ಮಾಡಬೇಕಾಯಿತು. ಆಮೇಲೆ ಕುದುರೆಮುಖದ ಕಡೆಯ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ಅಲ್ಲಿ 1858ರಲ್ಲಿ ರಮಾಬಾಯಿ ಹುಟ್ಟಿದರು. ಅವರಿಗೆ ಪಾಠ ಹೇಳಿದ್ದು ಅಮ್ಮ. ನಿಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು ನೋಡಿ! ಆದರೆ ಈ ಧೈರ್ಯವಂತ ಅಪ್ಪನೂ ಮಗಳಿಗೆ ವೇದ ಓದಲು ಬಿಡಲಿಲ್ಲ. ಪುರಾಣ ಆಗಬಹುದು, ಕಾವ್ಯ ಆಗಬಹುದು, ವ್ಯಾಕರಣ ಆಗಬಹುದು, ಅದೊಂದು ಬೇಡ. ಮುಂದೆ ಕಲ್ಕತ್ತೆಯಲ್ಲಿ ಬ್ರಹ್ಮ ಸಮಾಜದ ಮುಖಂಡ ಕೇಶವಚಂದ್ರ ಸೇನರು ವೇದದ ಪುಸ್ತಕ ಕೈಗೆ ಕೊಟ್ಟು ಓದಿ ಎಂದಾಗಲೇ ಆ ಗೆರೆ ದಾಟಿದ್ದು. ಉದಾರಿಯಾದ ಅಪ್ಪನೂ ಎಲ್ಲೋ ಒಂದು ಗೆರೆ ಎಳೆಯುತ್ತಾನೆ. ನನ್ನ ಅಪ್ಪನ ಗೆರೆ ಮಂಗಳೂರು. ಡಿಗ್ರಿ ಕಾಸರಗೋಡಿನಲ್ಲಿ ಮುಗಿಸು, ಹೊಳೆ ದಾಟುವುದು ಬೇಡ ಎಂದಿದ್ದರು. ದಾಟಿದೆ, ಅದು ಬೇರೆ ಕಥೆ.

1882ರಲ್ಲಿ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ರಮಾಬಾಯಿ ಸಾಕ್ಷ್ಯ ಹೇಳಿದರು. ಆಗಿನ್ನೂ 24 ವರ್ಷ. ಗಂಡ ತೀರಿಕೊಂಡಿದ್ದರು, ಕೈಯಲ್ಲಿ ಮಗು. ಈ ದೇಶದ ಕಲಿತ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು, ಹೆಂಗಸಿನಲ್ಲಿ ಸಾಸಿವೆಯಷ್ಟು ತಪ್ಪು ಕಂಡರೂ ಅದನ್ನು ಬೆಟ್ಟ ಮಾಡುತ್ತಾರೆ ಎಂದರು. ಹೆಣ್ಣು ಶಿಕ್ಷಕಿಯರು ಬೇಕು, ಹೆಣ್ಣು ಇನ್ಸ್‌ಪೆಕ್ಟರುಗಳು ಬೇಕು, ಹೆಣ್ಣು ಡಾಕ್ಟರುಗಳು ಬೇಕು ಎಂದು ಕೇಳಿದರು. ಐದು ವರ್ಷದ ಮೇಲೆ ಅಮೆರಿಕದಲ್ಲಿ ಅಚ್ಚಾದ ಅವರ ಇಂಗ್ಲಿಷ್ ಪುಸ್ತಕ ಮೇಲ್ಜಾತಿಯ ಹಿಂದೂ ಹೆಂಗಸಿನ ಬದುಕಿನ ಬಗ್ಗೆ. ಈ ಹೆಂಗಸರಿಗೆ ಬೇಕಾದದ್ದು ಮೂರು ಎಂದು ಅದರಲ್ಲಿ ಬರೆದರು: ತಮ್ಮ ಕಾಲ ಮೇಲೆ ನಿಲ್ಲುವುದು, ಓದು, ಈ ದೇಶದವರೇ ಆದ ಶಿಕ್ಷಕಿಯರು. ಮೊದಲನೆಯದು ಯಾವುದು, ಗಮನಿಸಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅವರು 1883ರಲ್ಲೇ ಕ್ರೈಸ್ತರಾಗಿದ್ದರು. ಅದನ್ನೇ ಹಿಡಿದುಕೊಂಡು ಅವರ ವಾದವನ್ನು ಬಹಳ ಮಂದಿ ಬದಿಗೆ ಇಟ್ಟರು. ಮೇರಿಗೆ ಆದದ್ದೇ.

ಅದೇ 1882ರಲ್ಲಿ ಮಹಾರಾಷ್ಟ್ರದ ಬುಲ್ಢಾಣದ ತಾರಾಬಾಯಿ ಶಿಂದೆ ಮರಾಠಿಯಲ್ಲಿ ‘ಸ್ತ್ರೀ ಪುರುಷ ತುಲನಾ’ ಎಂಬ ಸಣ್ಣ ಪುಸ್ತಕ ಬರೆದರು. ಸೂರತ್ತಿನ ವಿಜಯಲಕ್ಷ್ಮಿ ಎಂಬ ವಿಧವೆ ಹುಟ್ಟಿದ ಮಗುವನ್ನು ಕೊಂದ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದರು. ಶಿಕ್ಷೆ ಆಮೇಲೆ ಕಡಿಮೆಯಾಯಿತು. ಪತ್ರಿಕೆಗಳಲ್ಲಿ ಹೆಂಗಸರ ನಡತೆ ಕೆಟ್ಟಿತು ಎಂಬ ಉಪದೇಶವೋ ಉಪದೇಶ. ತಾರಾಬಾಯಿಗೆ ಉರಿಯಿತು. ಹೆಂಗಸರಿಗೆ ಅಂಟಿಸಿದ ಒಂದೊಂದು ದೋಷವನ್ನೂ ಎತ್ತಿಕೊಂಡು, ಇದು ಗಂಡಸರಲ್ಲಿ ಇಲ್ಲವಾ ಎಂದು ಕೇಳುತ್ತಾ ಹೋದರು. ಶಾಸ್ತ್ರ ಬರೆದವರು ಯಾರು, ನೀವೇ ತಾನೆ ಎಂದರು. ಅದೇ ಒಂದೇ ತಕ್ಕಡಿಯ ವಾದ, ಆದರೆ ದೇವರ ಲೆಕ್ಕದ ಬದಲು ನೆರೆಮನೆಯ ಲೆಕ್ಕ. ಜ್ಯೋತಿಬಾ ಫುಲೆ ಅವರ ಪರವಾಗಿ ನಿಂತರು. ಪುಸ್ತಕ ಮಾತ್ರ ಮರೆತೇ ಹೋಯಿತು. ಮತ್ತೆ ಅಚ್ಚಾದದ್ದು 1975ರಲ್ಲಿ.

ಕಾದಂಬರಿಗಳ ಮಾತು ಚುಟುಕಾಗಿ ಹೇಳುತ್ತೇನೆ. ನಾವು ಗಡಿಯವರು, ಎರಡೂ ಭಾಷೆ ಓದುತ್ತೇವೆ. ಮಲಯಾಳದಲ್ಲಿ 1889ರ ‘ಇಂದುಲೇಖಾ’, ಕನ್ನಡದಲ್ಲಿ 1899ರ ‘ಇಂದಿರಾಬಾಯಿ’. ಒಂದರಲ್ಲಿ ಓದಿದ ಹುಡುಗಿ ದೊಡ್ಡ ಮನೆತನದ ಸೂರಿ ನಂಬೂದಿರಿಪ್ಪಾಡನ್ನು ಒಲ್ಲೆ ಎನ್ನುತ್ತಾಳೆ. ಇನ್ನೊಂದರಲ್ಲಿ ಬಾಲವಿಧವೆ ಮನೆ ಬಿಟ್ಟು ಹೋಗಿ, ಓದಿ, ಮತ್ತೆ ಮದುವೆಯಾಗುತ್ತಾಳೆ. ಗುಲ್ವಾಡಿ ವೆಂಕಟರಾಯರ ಈ ಇಂದಿರಾಬಾಯಿ ಮಂಗಳೂರಿನಲ್ಲಿ ಅಚ್ಚಾದದ್ದು. ಎರಡರಲ್ಲೂ ಓದು ಹುಡುಗಿಗೆ ಕೊಡುವುದು ‘ಇಲ್ಲ’ ಎನ್ನುವ ಶಕ್ತಿ. ಬರೆದವರು ಇಬ್ಬರೂ ಗಂಡಸರು ಎಂಬುದನ್ನೂ ಹೇಳಿಬಿಡಬೇಕು.

ನಿಜವಾದ ಹುಡುಗಿಯ ಉದಾಹರಣೆ ಬೇಕಾದರೆ ರಾಧಾಬಾಯಿ ಇದ್ದಾರೆ. ದಲಿತರ ಮಕ್ಕಳಿಗೆ ಶಾಲೆ ಕಟ್ಟಿದ ಕುದ್ಮುಲ್ ರಂಗರಾಯರ ಮಗಳು. ರಂಗರಾಯರು ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲೇ, 1859ರಲ್ಲಿ. ರಾಧಾಬಾಯಿ ಮದ್ರಾಸಿನಲ್ಲಿ ಓದಿ ಆಕ್ಸ್‌ಫರ್ಡಿಗೂ ಹೋದರು. ಮುಂದೆ ರಾಧಾಬಾಯಿ ಸುಬ್ಬರಾಯನ್ ಎಂಬ ಹೆಸರಿನಲ್ಲಿ 1930ರ ಮೊದಲ ದುಂಡು ಮೇಜಿನ ಪರಿಷತ್ತಿನಲ್ಲಿ ಕುಳಿತರು. ಭಾರತದಿಂದ ಹೋದ ಹೆಂಗಸರು ಇಬ್ಬರೇ. ಇನ್ನೊಬ್ಬರು ಬೇಗಂ ಜಹನಾರಾ ಷಾನವಾಜ್. ಹೆಂಗಸರಿಗೂ ಪ್ರತಿನಿಧಿಗಳು ಬೇಕು ಎಂದು ಮೇರಿ ನಗೆಪಾಟಲಿಗೆ ಹೆದರದೆ ಸೂಚಿಸಿ ಆಗ 138 ವರ್ಷ ಆಗಿತ್ತು.

ಮಗಳಿಗೆ ಏನು ಹೇಳಲಿ ಎಂದಿರಿ. ಗಾದೆಯನ್ನು ಬಿಡಬೇಡ ಎನ್ನಿ. ಅದರಿಂದಲೇ ಶುರು ಮಾಡಲಿ. ಆಮೇಲೆ ಅವಳ ಅಣ್ಣನ ಪ್ರಶ್ನೆ, ಅವಳದೇ ಮಾತಿನಲ್ಲಿ. ತೀರ್ಪುಗಾರರು ಅಲ್ಲೇ ತಲೆ ಎತ್ತುತ್ತಾರೆ. ಉತ್ತರಕ್ಕೆ ಇಷ್ಟೆಲ್ಲ ಹೆಸರು ತುರುಕುವುದು ಬೇಡ. ಒಂದು ರಮಾಬಾಯಿ, ಒಂದು ಹೊನ್ನಮ್ಮ ಸಾಕು. ಮೇರಿಯ ಸೈನಿಕರ ಉದಾಹರಣೆ ಸೇರಿಸಿದರೆ ಜನ ನಗುತ್ತಾರೆ, ಒಪ್ಪುತ್ತಾರೆ. ಜೀಜಾಬಾಯಿಗೆ ಈ ವರ್ಷ ಸ್ವಲ್ಪ ರಜೆ ಕೊಡಲಿ.

ಪದ್ಯವನ್ನು ನೋಡದೆ ಹೇಳಲು ಕಲಿಯಲಿ. ಪೆಣ್ಣು ಎಂದರೆ ಹೆಣ್ಣು, ಪೊರೆ ಎಂದರೆ ಸಾಕಿ ಸಲಹು, ಬೀಳುಗಳೆ ಎಂದರೆ ಹೀಗಳೆ. ಗಾವಿಲ ಎಂದರೆ ಪೆದ್ದ, ತಿಳಿಗೇಡಿ. ಆ ಪದ ಹೇಳುವಾಗ ಮಾತ್ರ ಚಾವಡಿಯ ಕಡೆ ನೋಡದಿರಲಿ. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.